ಬೇರೆಯಾಗುವ ಗಂಡ ಹೆಂಡತಿಗೆ ಮೀಡಿಯೇಷನ್: ಮೊದಲ ದಿನದಿಂದ ಡಿಕ್ರಿ ಕೈಗೆ ಬರುವವರೆಗೆ

"ನಮ್ಮ ಕೇಸನ್ನ ಮೀಡಿಯೇಷನ್‌ಗೆ ಹಾಕಿದ್ದಾರಂತೆ. ಮತ್ತೆ ಒಟ್ಟಿಗೆ ಬಾಳಿ ಅಂತ ಕೂರಿಸಿ ಬುದ್ಧಿ ಹೇಳ್ತಾರಾ?"

ತುಮಕೂರಿನ ಕೋರ್ಟು ಆವರಣದಲ್ಲಿ ಈ ಪ್ರಶ್ನೆ ಕೇಳುವವರು ದಿನಾ ಸಿಗುತ್ತಾರೆ. ಕೇಳುವವರಲ್ಲಿ ಹೆಚ್ಚಿನವರು ಊರಲ್ಲಿ ಎರಡು ಮೂರು ಪಂಚಾಯ್ತಿ ಮುಗಿಸಿ ಸುಸ್ತಾಗಿ ಬಂದವರು. ಇಲ್ಲೂ ಅದೇ ಕಥೆ ಅಂದುಕೊಂಡು ಹೆದರುತ್ತಾರೆ. ಕೆಲವರು ಒಂದು ದಿನ ಮುಖ ತೋರಿಸಿ, "ಆಗಲ್ಲ ಸಾರ್" ಅಂದು ಎದ್ದು ಹೋಗುತ್ತಾರೆ. ಆಮೇಲೆ ನಾಲ್ಕೈದು ವರ್ಷ ವಾಯಿದೆಗೆ ಅಲೆಯುತ್ತಾರೆ.

ಮೀಡಿಯೇಷನ್ ಅಂದರೆ ಮಧ್ಯಸ್ಥಿಕೆ. ಒಂದಾಗುವ ಮನಸ್ಸಿದ್ದರೆ ಒಂದಾಗಬಹುದು. ಬೇರೆಯಾಗುವುದೇ ಸರಿ ಅನ್ನಿಸಿದರೆ ಮಗು, ಒಡವೆ, ಸಾಲ, ಜೀವನಾಂಶ ಎಲ್ಲವನ್ನೂ ಮಾತಾಡಿ, ಬರೆದು, ಕೋರ್ಟಿನ ಮುದ್ರೆ ಹಾಕಿಸಿಕೊಂಡು ಬೇರೆಯಾಗಬಹುದು. ಕೊನೆಗೆ ಕೋರ್ಟು ಕೊಡುವ ಆ ಆದೇಶವೇ ಡಿಕ್ರಿ. ಎರಡನೆಯದಕ್ಕೆ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದಾಗುವವರಿಗೆ ಮಾರ್ಗದರ್ಶಿ ಅಷ್ಟಾಗಿ ಬೇಕಿಲ್ಲ.

ಪಂಚಾಯ್ತಿಗೂ ಇದಕ್ಕೂ ಏನು ವ್ಯತ್ಯಾಸ

ಊರ ಪಂಚಾಯ್ತಿಯಲ್ಲಿ ಹಿರಿಯರು ತೀರ್ಪು ಹೇಳುತ್ತಾರೆ. ಜಗಲಿ ಮೇಲೆ ಇಪ್ಪತ್ತು ಜನ ಕೂತಿರುತ್ತಾರೆ, ಅದರಲ್ಲಿ ಹದಿನೆಂಟು ಜನ ಗಂಡಸರು. ಹುಡುಗಿ ಬಾಗಿಲ ಹಿಂದೆ ನಿಂತಿರುತ್ತಾಳೆ. ಮೀಡಿಯೇಷನ್ ಕೋಣೆಯಲ್ಲಿ ನೀವಿಬ್ಬರು, ಮಧ್ಯಸ್ಥಿಕೆದಾರರು, ಬೇಕಿದ್ದರೆ ಇಬ್ಬರ ವಕೀಲರು. ಅಷ್ಟೇ. ಮಧ್ಯಸ್ಥಿಕೆದಾರರು ತೀರ್ಪು ಕೊಡುವುದಿಲ್ಲ, ಯಾರದು ತಪ್ಪು ಅಂತಲೂ ಹೇಳುವುದಿಲ್ಲ. ಇವರು ಹೆಚ್ಚಾಗಿ 40 ಗಂಟೆಗಳ ತರಬೇತಿ ಪಡೆದ ಅನುಭವಿ ವಕೀಲರು. ಕೋರ್ಟು ಕಳಿಸಿದ ಕೇಸಿಗೆ ನೀವು ಇವರಿಗೆ ಫೀಸು ಕೊಡಬೇಕಿಲ್ಲ.

ಇನ್ನೊಂದು ದೊಡ್ಡ ವ್ಯತ್ಯಾಸ ಕಾಗದದ್ದು. ನಮ್ಮ ಕಡೆ ಸ್ಟ್ಯಾಂಪ್ ಪೇಪರಿನ ಮೇಲೆ "ಇಂದಿನಿಂದ ನಮಗೂ ನಿಮಗೂ ಸಂಬಂಧವಿಲ್ಲ" ಅಂತ ಬರೆಸಿ, ಸಾಕ್ಷಿ ಹಾಕಿಸಿ, ಡೈವೋರ್ಸ್ ಆಯ್ತು ಅಂದುಕೊಂಡವರು ಎಷ್ಟೋ ಜನ. ನೋಟರಿ ಸೀಲು ಬೇರೆ ಇರುತ್ತದೆ. ಸಮುದಾಯದಲ್ಲಿ ಅಂಥ ರೂಢಿ ಹಿಂದಿನಿಂದ ಇದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡಲು ಆಗದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಎರಡು ಮದುವೆಯ ಕೇಸು ಬೀಳುತ್ತದೆ.

ದಾರಿ ಎರಡು

ಒಂದು, ಕೋರ್ಟೇ ಕಳಿಸುವುದು. ವಿಚ್ಛೇದನ, ಜೀವನಾಂಶ, ಮಗುವಿನ ಸುಪರ್ದಿ, ಯಾವ ಅರ್ಜಿ ಹಾಕಿದರೂ ಮೊದಲು ರಾಜಿಗೆ ಪ್ರಯತ್ನ ಮಾಡುವುದು ನ್ಯಾಯಾಧೀಶರ ಕರ್ತವ್ಯ. ಕುಟುಂಬ ನ್ಯಾಯಾಲಯಗಳ ಕಾಯ್ದೆ, 1984ರ 9ನೇ ಕಲಂ ಹಾಗೆ ಹೇಳುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಕೂಡ ಇದೆ. 2013ರಲ್ಲಿ ಶ್ರೀನಿವಾಸ ರಾವ್ ಮತ್ತು ದೀಪಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ದಾಂಪತ್ಯದ ಜಗಳಗಳನ್ನು ಮೀಡಿಯೇಷನ್‌ಗೆ ಕಳಿಸಿ ನೋಡಬೇಕು ಅಂತ ಒತ್ತಿ ಹೇಳಿತು. ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಇದೇ ಕ್ರಮ. ನಿಮ್ಮ ಕೇಸನ್ನು ಕಳಿಸಿಲ್ಲ ಅಂದರೆ ಸುಮ್ನೆ ಕೂರಬೇಡಿ. "ಮೀಡಿಯೇಷನ್‌ಗೆ ಕಳಿಸಿ" ಅಂತ ನೀವೇ ಕೇಳಬಹುದು.

ಎರಡು, ಕೇಸು ಹಾಕುವ ಮುಂಚೆಯೇ ಹೋಗುವುದು. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. ಅಲ್ಲಿ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಎದುರು ಕಡೆಯವರಿಗೆ ನೋಟಿಸು ಕಳಿಸಿ ಕರೆಸುತ್ತಾರೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವುದು ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ನಿಯಮ. ಸಹಾಯವಾಣಿ 15100. "ನಮ್ಮಪ್ಪ ಮೇಷ್ಟ್ರು, ನನಗೆ ಕೊಡ್ತಾರಾ?" ಅಂತ ಹಿಂಜರಿಯಬೇಡಿ. ಹೆಣ್ಣುಮಗಳು ಅನ್ನುವುದೊಂದೇ ಸಾಕು.

ಎರಡನೇ ದಾರಿ ನನಗೆ ಜಾಸ್ತಿ ಇಷ್ಟ. ಕೇಸು ಬಿದ್ದ ಮೇಲೆ ಅರ್ಜಿಯಲ್ಲಿ ಒಬ್ಬರ ಮೇಲೊಬ್ಬರು ಬರೆಸುವ ಮಾತುಗಳಿವೆಯಲ್ಲ, ಅವನ್ನು ಓದಿದ ಮೇಲೆ ಎದುರು ಬದುರು ಕೂರುವುದೇ ಕಷ್ಟ.

ಹೊಡೆತ ಬಡಿತ ಇದ್ದರೆ ಮೊದಲು ರಕ್ಷಣೆ

ಜೀವಭಯ ಇದ್ದವರು ನೇರವಾಗಿ ರಾಜಿ ಕೋಣೆಗೆ ಹೋಗಬಾರದು. 181 ಮಹಿಳಾ ಸಹಾಯವಾಣಿ, 112 ಪೊಲೀಸ್, ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಜಿಲ್ಲಾ ಕೇಂದ್ರದ ಸಖಿ ಕೇಂದ್ರ, ಇವು ಮೊದಲು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ ಕೆಳಗೆ ಸಂರಕ್ಷಣಾಧಿಕಾರಿ. ಅವರ ಮೂಲಕ ರಕ್ಷಣಾ ಆದೇಶಕ್ಕೆ, ಮನೆಯಲ್ಲಿ ಇರುವ ಹಕ್ಕಿಗೆ ಅರ್ಜಿ ಹಾಕಬಹುದು. ಆದೇಶ ಕೈಯಲ್ಲಿ ಹಿಡಿದು ಆಮೇಲೆ ಮಾತುಕತೆಗೆ ಹೋಗಿ. ಅಲ್ಲೂ "ಅವರ ಎದುರು ಕೂರಲ್ಲ, ಬೇರೆ ಬೇರೆ ಮಾತಾಡಿಸಿ" ಅಂತ ಮಧ್ಯಸ್ಥಿಕೆದಾರರಿಗೆ ಮೊದಲೇ ಹೇಳಿ. "ಒಂದೇಟು ಹೊಡೆದಿದ್ದಕ್ಕೆಲ್ಲ ಕೋರ್ಟಾ?" ಅನ್ನುವ ನೆಂಟರನ್ನು ಆವತ್ತು ಮನೆಯಲ್ಲೇ ಬಿಟ್ಟು ಬನ್ನಿ.

ಹೋಗುವ ಮುಂಚೆ ಮನೆಯಲ್ಲಿ ಮಾಡುವ ಕೆಲಸ

ಹೆಚ್ಚಿನವರು ಎಡವುವುದು ಇಲ್ಲೇ. ಕೈಬೀಸಿಕೊಂಡು ಹೋಗುತ್ತಾರೆ, ಸಿಟ್ಟು ಮಾತ್ರ ತುಂಬಿಕೊಂಡು ಹೋಗುತ್ತಾರೆ. ಹಾಗೆ ಮಾಡದೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ.

ಮೊದಲ ಹಾಳೆ ಒಡವೆಗೆ. ತವರಿಂದ ಬಂದದ್ದು, ಗಂಡನ ಮನೆಯವರು ಹಾಕಿದ್ದು, ಈಗ ಯಾರ ಹತ್ತಿರ ಇದೆ. ಮದುವೆ ಫೋಟೊ, ಅಂಗಡಿ ರಸೀದಿ ಇದ್ದರೆ ಹೊಂದಿಸಿಕೊಳ್ಳಿ. ತವರಿನವರು ಕೊಟ್ಟದ್ದು ಹೆಣ್ಣಿನ ಸ್ತ್ರೀಧನ, ಅದು ಅವಳದೇ ಅಂತ ಸುಪ್ರೀಂ ಕೋರ್ಟು 1985ರಷ್ಟು ಹಿಂದೆಯೇ ಹೇಳಿದೆ. ಗಿರವಿ ಇಟ್ಟ ಒಡವೆಯನ್ನು ಮರೆಯಬೇಡಿ. ಯಾವ ಬ್ಯಾಂಕು ಅಥವಾ ಸೊಸೈಟಿ, ಯಾರ ಹೆಸರಲ್ಲಿ, ಎಷ್ಟು ಬಾಕಿ, ಹರಾಜಿಗೆ ಎಂದು ಬರುತ್ತದೆ, ಎಲ್ಲ ಬರೆದುಕೊಳ್ಳಿ.

ಎರಡನೇ ಹಾಳೆ ಸಾಲಕ್ಕೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಇದು ಒಡವೆಗಿಂತ ಮುಖ್ಯ. ಸಾವಿರ ಅಡಿ ದಾಟಿ ಬೋರ್ ಕೊರೆಸಲು ದುಡ್ಡು ಬೇಕಾದಾಗ ಹೆಂಡತಿಯ ಹೆಸರಲ್ಲಿ ಸಂಘದ ಸಾಲ ಎತ್ತಿರುತ್ತಾರೆ. ಜಮೀನು ಮಾವನ ಹೆಸರಲ್ಲಿ, ನೀರು ಗಂಡನ ತೋಟಕ್ಕೆ, ಸಾಲ ಮಾತ್ರ ಇವಳ ತಲೆ ಮೇಲೆ. ಬೇರೆಯಾದ ಮೇಲೆ ವಾರದ ಕಂತು ಕೇಳಿಕೊಂಡು ಸಂಘದವರು ಬರುವುದು ಇವಳ ತವರಿನ ಬಾಗಿಲಿಗೆ. ಇದು ಜೀವನಾಂಶದ ಲೆಕ್ಕದೊಳಗೆ ಬರಲ್ಲ, ಪ್ರತ್ಯೇಕವಾಗಿ ಕೇಳಬೇಕು. ಸಂಘದ ಪಾಸ್‌ಬುಕ್ಕು ಜೊತೆಗೇ ತೆಗೆದುಕೊಂಡು ಹೋಗಿ. ಬೈಕು, ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೆ ಅದನ್ನೂ ಬರೆಯಿರಿ.

ಮೂರನೇ ಹಾಳೆ ಆದಾಯ ಮತ್ತು ಖರ್ಚು. ಸುಪ್ರೀಂ ಕೋರ್ಟು 2020ರ ರಜನೀಶ್ ಮತ್ತು ನೇಹಾ ತೀರ್ಪಿನಲ್ಲಿ, ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಲೇಬೇಕು ಅಂತ ಹೇಳಿದೆ. ಆ ಲೆಕ್ಕ ಮೀಡಿಯೇಷನ್‌ಗೂ ಉಪಯೋಗಕ್ಕೆ ಬರುತ್ತದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ, ಮಗುವಿನ ಶಾಲೆ ಫೀಸಿನ ರಸೀದಿ. ನರಸಾಪುರ, ವಸಂತನರಸಾಪುರದ ಫ್ಯಾಕ್ಟರಿ ಕೆಲಸದವರ ಲೆಕ್ಕ ಸುಲಭ. ರೈತರದು ಕಷ್ಟ. ಪಹಣಿ ಅಪ್ಪನ ಹೆಸರಲ್ಲಿ ಇರುತ್ತದೆ, ಅಡಿಕೆ ಮಾರಿದ ದುಡ್ಡು ಮಗನ ಜೇಬಿಗೆ ಹೋಗುತ್ತದೆ. ಅಂಥ ಕಡೆ ಮಂಡಿ ಚೀಟಿ, ಡೇರಿಗೆ ಹಾಲು ಹಾಕಿದ ಪುಸ್ತಕ, ರೇಷ್ಮೆ ಗೂಡು ಮಾರಿದ ಬಿಲ್ಲು ಮಾತಾಡುತ್ತವೆ.

ಜನ "ಸಂಬಳದ 25 ಪರ್ಸೆಂಟ್ ಕೊಡಲೇಬೇಕಂತೆ" ಅನ್ನುತ್ತಾರೆ. ಅದು 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ದಂಪತಿಗೆ ಸರಿ ಅಂತ ಹೇಳಿದ ಲೆಕ್ಕ. ಎಲ್ಲರಿಗೂ ಅನ್ವಯಿಸುವ ಸೂತ್ರ ಅಲ್ಲ. ಅದನ್ನೇ ಹಿಡಿದು ಕೂತರೆ ಮಾತು ಮುಂದೆ ಹೋಗಲ್ಲ.

ಕೊನೇ ಹಾಳೆಯನ್ನು ಯಾರಿಗೂ ತೋರಿಸಬೇಡಿ. ಅದರಲ್ಲಿ ಮೂರು ಸಾಲು: ನನಗೆ ಏನು ಬೇಕು, ಏನಾದರೆ ನಡೆಯುತ್ತದೆ, ಏನು ಮಾತ್ರ ಬಿಡಲ್ಲ.

ಕೋಣೆಯೊಳಗೆ

ಮೊದಲ ದಿನ ಮಧ್ಯಸ್ಥಿಕೆದಾರರು ನಿಯಮ ಹೇಳುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬಾರದು. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬರಲ್ಲ. "ಐದು ಲಕ್ಷಕ್ಕೆ ಒಪ್ಪಿದ್ದೆ" ಅಂತ ಇಲ್ಲಿ ಹೇಳಿ, ರಾಜಿ ಮುರಿದುಬಿದ್ದರೆ, ನಾಳೆ ಕೋರ್ಟಿನಲ್ಲಿ ಅದನ್ನು ನಿಮ್ಮ ಮೇಲೆ ಬಳಸುವಂತಿಲ್ಲ. ಆದ್ದರಿಂದ ಇಲ್ಲಿ ಧೈರ್ಯವಾಗಿ ಮಾತಾಡಬಹುದು.

ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಈ ಒಂಟಿ ಮಾತುಕತೆಯಲ್ಲಿ ಹೇಳಿದ್ದನ್ನು "ಇದನ್ನ ಅವರಿಗೆ ಹೇಳಬೇಡಿ" ಅಂದರೆ ಅವರು ಹೇಳಬಾರದು. ನಿಜವಾದ ಮಾತು ಹೊರಬರುವುದು ಹೆಚ್ಚಾಗಿ ಇಲ್ಲೇ. ಹೊರಗೆ "ಹತ್ತು ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ" ಅಂದವರು ಒಳಗೆ ಬಂದು, "ಮೇಡಂ, ದುಡ್ಡು ಆಮೇಲೆ ನೋಡೋಣ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಆಧಾರ್ ಅವರ ಮನೇಲಿದೆ, ಅದನ್ನ ಕೊಡ್ತಿಲ್ಲ, ಕೆಲಸಕ್ಕೆ ಸೇರೋಕಾಗ್ತಿಲ್ಲ" ಅನ್ನುತ್ತಾರೆ. ಮಧ್ಯಸ್ಥಿಕೆದಾರರು ಮುಂದಿನ ವಾಯಿದೆಗೆ ಆ ಕಾಗದ ತರಿಸಿಕೊಟ್ಟರೆ ಅರ್ಧ ಜಗಳ ಸಡಿಲವಾಗುತ್ತದೆ. ಇಂಥ ಸಣ್ಣ ಬೇಡಿಕೆ ನಿಮಗಿದ್ದರೆ ಮೊದಲ ದಿನವೇ ಹೇಳಿ.

ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಕೆಲವು ಸಲ ಕೂರಬೇಕಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವವರು ರಜೆ ಸಿಗಲ್ಲ ಅಂತ ತಪ್ಪಿಸುತ್ತಾರೆ. ಹಾಗೆ ತಪ್ಪಿಸುವ ಬದಲು ಒಂದು ಸಿಟ್ಟಿಂಗ್ ವಿಡಿಯೊ ಕಾಲ್‌ನಲ್ಲಿ ಮಾಡಲು ಆಗುತ್ತದಾ ಅಂತ ಕೇಳಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದು, ಹೊರಗೆ ಕೂರಿಸಿ. ಬೇಕಾದಾಗ ಮಧ್ಯಸ್ಥಿಕೆದಾರರೇ ಕರೆಯುತ್ತಾರೆ. ಸೋದರಮಾವನನ್ನು ಮಾತ್ರ ತುಂಬ ಯೋಚನೆ ಮಾಡಿ ಕರೆದುಕೊಂಡು ಹೋಗಿ. ಮದುವೆ ಮಾತುಕತೆ ನಡೆಸಿದವರಿಗೆ ತಮ್ಮ ಮಾನದ್ದೇ ಚಿಂತೆ.

ಬರೆಯುವ ಹೊತ್ತು

ಒಪ್ಪಂದ ಬರೆಯುವ ದಿನ ಎಲ್ಲರಿಗೂ ಮನೆಗೆ ಹೋಗುವ ಆತುರ. ಬಸ್ಸಿನ ಟೈಮ್ ಆಯ್ತು ಅನ್ನುತ್ತಾರೆ. ಆವತ್ತೇ ನಿಧಾನ ಬೇಕು. ಒಂದು ಷರತ್ತನ್ನು ಹತ್ತಿರದಿಂದ ನೋಡೋಣ. ಹುಡುಗ ಶಿರಾ ಕಡೆಯವನು, ಬೆಂಗಳೂರಿನ ಪೀಣ್ಯದಲ್ಲಿ ಕೆಲಸ. ಹುಡುಗಿ ಗುಬ್ಬಿಯ ತವರಿನಲ್ಲಿದ್ದಾಳೆ. ಏಳು ವರ್ಷದ ಮಗಳು ಅಮ್ಮನ ಜೊತೆ. ಒಪ್ಪಂದದಲ್ಲಿ ಹೀಗೆ ಬರೆದಿರುತ್ತಾರೆ: "ತಂದೆಯು ಮಗುವನ್ನು ಭೇಟಿ ಮಾಡಲು ತಾಯಿಯ ಅಭ್ಯಂತರವಿರುವುದಿಲ್ಲ."

ಈ ಸಾಲಿನಿಂದ ಮೂರು ತಿಂಗಳೊಳಗೆ ಹೊಸ ಜಗಳ ಗ್ಯಾರಂಟಿ. ಎಂದು ಭೇಟಿ? ಎಲ್ಲಿ? ಯಾರು ಕರೆದುಕೊಂಡು ಬರಬೇಕು? ಹೀಗೆ ಬರೆಸಿ ನೋಡಿ: "ತಂದೆಯು ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ 10ಕ್ಕೆ ಗುಬ್ಬಿಯ ತಾಯಿಯ ಮನೆಯಿಂದ ಮಗುವನ್ನು ಕರೆದುಕೊಂಡು ಹೋಗಿ, ಸಂಜೆ 6ಕ್ಕೆ ಅಲ್ಲಿಗೇ ತಂದುಬಿಡತಕ್ಕದ್ದು. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ದಿನವೇ ಮೆಸೇಜಿನಲ್ಲಿ ತಿಳಿಸಿ, ಮುಂದಿನ ಭಾನುವಾರ ಆ ಭೇಟಿಯನ್ನು ಕೊಡತಕ್ಕದ್ದು. ಬೇಸಿಗೆ ರಜೆಯಲ್ಲಿ ಏಪ್ರಿಲ್ 15ರಿಂದ 30ರವರೆಗೆ ಮಗು ತಂದೆಯ ಬಳಿ ಇರತಕ್ಕದ್ದು. ಯುಗಾದಿ ತಾಯಿಯ ಬಳಿ, ಹೊಸತೊಡಕು ತಂದೆಯ ಬಳಿ."

ಹೊಸತೊಡಕನ್ನೂ ಬರೆಯಬೇಕಾ ಅಂತ ವಕೀಲರು ನಗಬಹುದು. ನಗಲಿ. ಅಜ್ಜಿ ಮನೆ ಜಾತ್ರೆಗೆ ಮಗು ಬರಲಿಲ್ಲ ಅಂತಲೇ ಕೋರ್ಟಿಗೆ ವಾಪಸ್ ಬರುವವರಿದ್ದಾರೆ. ದಿನಾ ಸಂಜೆ ಹತ್ತು ನಿಮಿಷ ವಿಡಿಯೊ ಕಾಲ್, ಶಾಲೆಯ ಟಿ.ಸಿ.ಗೆ ಯಾರ ಸಹಿ, ಆಸ್ಪತ್ರೆಗೆ ಸೇರಿಸಿದರೆ ಯಾರು ಯಾರಿಗೆ ಫೋನ್ ಮಾಡಬೇಕು, ಇವನ್ನೂ ಸೇರಿಸಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ ಹಿಂದೂ ಅಪ್ರಾಪ್ತರ ಕಾಯ್ದೆ, 1956 ಹೇಳುತ್ತದೆ. ಅದರಾಚೆಗೆ ಕೋರ್ಟು ನೋಡುವುದು ಮಗುವಿನ ಹಿತವನ್ನು.

ದುಡ್ಡಿನ ಷರತ್ತಿಗೂ ಇದೇ ಮಾತು. ತಿಂಗಳಿಗೆ ಇಷ್ಟು ಅಂತಲೋ, ಒಂದೇ ಸಲ ಇಷ್ಟು ಅಂತಲೋ ಮೊದಲು ತೀರ್ಮಾನಿಸಿ. ಒಂದೇ ಸಲದ ಮೊತ್ತವಾದರೆ ಒಂದು ಪಾಲು ಒಪ್ಪಂದದ ದಿನ, ಉಳಿದದ್ದು ಡಿಕ್ರಿಯ ದಿನ ನ್ಯಾಯಾಧೀಶರ ಎದುರು ಡಿ.ಡಿ. ಮೂಲಕ ಕೊಡುವುದು ರೂಢಿ. ಕೈಗೆ ನಗದು ಕೊಟ್ಟು ತೆಗೆದುಕೊಳ್ಳಬೇಡಿ. ರೈತ ಕುಟುಂಬವಾದರೆ ಪ್ರತಿ ತಿಂಗಳು 5ನೇ ತಾರೀಖು ಅಂತ ಬರೆಸಿದರೆ ಕಂತು ತಪ್ಪುತ್ತದೆ. ಮಗುವಿನ ಹಾಲು, ಔಷಧಿಗೆ ಆಗುವಷ್ಟು ತಿಂಗಳ ಮೊತ್ತ ಇಟ್ಟು, ದೊಡ್ಡ ಕಂತನ್ನು ಅಡಿಕೆ, ಕೊಬ್ಬರಿ ಅಥವಾ ಮಾವು ಮಾರುವ ತಿಂಗಳಿಗೆ ಹೊಂದಿಸಿ. ಶಾಲೆ ಫೀಸು ಕಟ್ಟುವುದು ಜೂನಿನಲ್ಲಿ, ಅದಕ್ಕೆ ಬೇರೆ ಸಾಲು ಬರೆಸಿ. ಅನುಮಾನವಿದ್ದರೆ ಗಂಡನ ಪಾಲಿನ ಜಮೀನಿನ ಮೇಲೆ ಹೊರೆ ಹಾಕಿಸಬಹುದು, ಅಂದರೆ ಆ ದುಡ್ಡಿಗೆ ಜಮೀನನ್ನೇ ಹೊಣೆ ಮಾಡಿಸಬಹುದು, ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ.

"ನನಗೆ ಏನೂ ಬೇಡ, ಮಗುವನ್ನ ಕೊಟ್ಟುಬಿಡಲಿ ಸಾಕು" ಅಂತ ಸಹಿ ಹಾಕುವ ತಾಯಂದಿರು ಬಹಳ. ನಿಮ್ಮ ಪಾಲು ಬಿಡುವುದು ನಿಮ್ಮಿಷ್ಟ. ಮಗುವಿಗೆ ಅಪ್ಪನಿಂದ ಬರಬೇಕಾದದ್ದು ಮಗುವಿನ ಹಕ್ಕು. ಅದನ್ನು ನೀವು ಬಿಟ್ಟುಕೊಡಲು ಬರಲ್ಲ.

ಪೊಲೀಸ್ ಕೇಸು ತಾನಾಗಿ ಹೋಗಲ್ಲ

498ಎ ಕೇಸು, ಅಂದರೆ ಗಂಡ ಮತ್ತು ಅವನ ಮನೆಯವರು ಹಿಂಸೆ ಕೊಟ್ಟರು ಅನ್ನುವ ಕೇಸು ಇದ್ದವರು ಇದನ್ನು ಎರಡು ಸಲ ಓದಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ನಮ್ಮ ರಾಜ್ಯದಲ್ಲಿ ಅದು ರಾಜಿಯಾಗುವ ಅಪರಾಧ ಅಲ್ಲ. ಗಂಡ ಹೆಂಡತಿ ಒಪ್ಪಿದರೂ ಕೆಳಗಿನ ಕೋರ್ಟು ಅದನ್ನು ಮುಚ್ಚಲು ಆಗುವುದಿಲ್ಲ. ರಾಜಿಯಾದ ಮೇಲೆ ಬೆಂಗಳೂರಿನ ಹೈಕೋರ್ಟಿಗೆ ಅರ್ಜಿ ಹಾಕಿ ರದ್ದು ಮಾಡಿಸಬೇಕು. ಹಾಗೆ ರದ್ದು ಮಾಡಬಹುದು ಅಂತ ಸುಪ್ರೀಂ ಕೋರ್ಟು 2003ರ ಬಿ.ಎಸ್. ಜೋಷಿ ಪ್ರಕರಣದಲ್ಲೇ ಹೇಳಿದೆ. ಅರ್ಜಿ ಯಾರು ಹಾಕಬೇಕು, ಖರ್ಚು ಯಾರದು, ಹೆಂಡತಿ ಎಷ್ಟು ದಿನದಲ್ಲಿ ಒಪ್ಪಿಗೆಯ ಅಫಿಡವಿಟ್ ಕೊಡಬೇಕು, ಇಷ್ಟೂ ಒಪ್ಪಂದದಲ್ಲಿ ಇರಲಿ. ಇಲ್ಲದಿದ್ದರೆ ಡೈವೋರ್ಸ್ ಆಗಿ ಎರಡು ವರ್ಷವಾದ ಮೇಲೂ ಅತ್ತೆ ಮಾವ ವಾಯಿದೆಗೆ ಬಂದು ನಿಲ್ಲುತ್ತಾರೆ.

ಸಹಿಯಾದ ಮೇಲೆ

ಒಪ್ಪಂದವನ್ನು ಕನ್ನಡದಲ್ಲೇ ಬರೆಯಿಸಿ. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಪೆನ್ನು ಹಿಡಿಯಿರಿ. ಸಹಿಯಾದ ಪತ್ರ ಕೋರ್ಟಿಗೆ ಹೋಗುತ್ತದೆ. ನ್ಯಾಯಾಧೀಶರು ಇಬ್ಬರನ್ನೂ ಕೇಳುತ್ತಾರೆ: "ಸ್ವಂತ ಇಷ್ಟದಿಂದ ಒಪ್ಪಿದ್ದೀರಾ? ಯಾರಾದರೂ ಬಲವಂತ ಮಾಡಿದ್ದಾರಾ?" ಬಲವಂತ ಇದ್ದರೆ ಹೇಳಬೇಕಾದ ಜಾಗ ಇದೇ.

ವಿಚ್ಛೇದನಕ್ಕೆ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಕೆಳಗೆ ಜಂಟಿ ಅರ್ಜಿ. ಜನ ಇದನ್ನೇ ಮ್ಯೂಚುಯಲ್ ಅನ್ನುವುದು. ಇದಕ್ಕೆ ಒಂದು ವರ್ಷವಾದರೂ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ಹೇಳಬೇಕು. ಬೇರೆಯಾಗಿ ಒಂದೂವರೆ ವರ್ಷ ಕಳೆದು, ಜೀವನಾಂಶ, ಮಗು ಎಲ್ಲ ನಿಜವಾಗಿ ಇತ್ಯರ್ಥವಾಗಿದ್ದರೆ ಆ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬಿಟ್ಟುಕೊಡಬಹುದು. 2017ರ ಅಮರದೀಪ್ ಸಿಂಗ್ ತೀರ್ಪು ಅದಕ್ಕೆ ದಾರಿ ಮಾಡಿತು. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು, ನೆನಪಿರಲಿ. ಪೂರ್ತಿ ದುಡ್ಡನ್ನು ಮೊದಲ ದಿನವೇ ಕೊಡಬೇಡಿ ಅನ್ನುವುದು ಇದಕ್ಕೇ.

ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ 28ನೇ ಕಲಂ, ಕ್ರೈಸ್ತರಿಗೆ ವಿಚ್ಛೇದನ ಕಾಯ್ದೆಯ 10ಎ, ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಮುಬಾರತ್. ಕಾಯ್ದೆ ಬೇರೆಯಾದರೂ ಮೀಡಿಯೇಷನ್ ಮೇಜು ಒಂದೇ.

ರಾಜಿ ಆಗದಿದ್ದರೆ? ಮಧ್ಯಸ್ಥಿಕೆದಾರರು "ರಾಜಿ ಆಗಲಿಲ್ಲ" ಅಂತಷ್ಟೇ ವರದಿ ಕಳಿಸುತ್ತಾರೆ. ಯಾರು ಹಟ ಮಾಡಿದರು ಅಂತ ಬರೆಯುವುದಿಲ್ಲ. ಕೇಸು ಎಲ್ಲಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ನಡುವೆ ಮನಸ್ಸು ಬದಲಾದರೆ ಮತ್ತೆ ಕಳಿಸಿ ಅಂತ ಕೇಳಬಹುದು. ಒಪ್ಪಿಕೊಂಡು ಆಮೇಲೆ ದುಡ್ಡು ಕೊಡದಿದ್ದರೆ, ಮಗುವನ್ನು ತೋರಿಸದಿದ್ದರೆ, ಡಿಕ್ರಿ ಹಿಡಿದು ಅದೇ ಕೋರ್ಟಿನಲ್ಲಿ ಜಾರಿ ಅರ್ಜಿ ಹಾಕಿ. ಹೊಸ ಕೇಸು ಬೇಕಿಲ್ಲ.

ಡಿಕ್ರಿಯಾದ ವಾರವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ತೆಗೆದಿಡಿ. ಒಂದು ಪ್ರತಿ ಹಿಡಿದು ಆಹಾರ ಇಲಾಖೆ ಕಚೇರಿಗೆ ಹೋಗಿ ರೇಷನ್ ಕಾರ್ಡು ಬೇರೆ ಮಾಡಿಸಲು ಕೇಳಿ. ಗೃಹಲಕ್ಷ್ಮಿಯ 2,000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರಿಗೇ ಬರುವುದು, ಹಳೇ ಕಾರ್ಡಿನಲ್ಲಿ ಅತ್ತೆ ಹೆಸರಿದ್ದರೆ ಅದು ಅವರಿಗೇ ಹೋಗುತ್ತಿರುತ್ತದೆ. ಪಿ.ಎಫ್., ಎಲ್‌ಐಸಿ, ಬ್ಯಾಂಕಿನ ನಾಮಿನಿ ಹೆಸರು ಬದಲಾಯಿಸುವುದು ಇಬ್ಬರಿಗೂ ಇರುವ ಕೆಲಸ. ಮಗುವಿನ ಶಾಲೆಗೆ ಭೇಟಿಯ ಷರತ್ತು ಇರುವ ಪುಟದ ಜೆರಾಕ್ಸ್ ಕೊಟ್ಟು, ಯಾರ ಫೋನ್ ನಂಬರಿಗೆ ಕರೆ ಮಾಡಬೇಕು ಅಂತ ಬರೆಸಿ ಬನ್ನಿ.